ಗುಮ್ಮ ನಿಜವೇ ಆಗಿದ್ದರೂ

(ಉಡುಪಿಯ ಕಾಲೇಜೊಂದರ ಸಿನಿಮಾ ಶಿಬಿರದಲ್ಲಿ ಆಡಿದ ಮಾತುಗಳು. ಬರೆಯುವಾಗ ಅಲ್ಲಲ್ಲಿ ಸ್ವಲ್ಪ ಸೇರಿಸಿದ್ದೇನೆ. ಕೊನೆಗೆ ಬಂದ ಪ್ರಶ್ನೆಗಳಲ್ಲಿ ಎರಡನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇವತ್ತು ನಾನು ಕೆಲವು ಸಿನಿಮಾಗಳ ಕೊನೆಯನ್ನೂ ಹೇಳುತ್ತೇನೆ. ಅದನ್ನು ಬಿಟ್ಟು ಈ ವಿಷಯ ಮಾತಾಡಲು ಆಗುವುದಿಲ್ಲ. ನೋಡದೆ ಇರುವವರು ಬೇಜಾರು ಮಾಡಿಕೊಳ್ಳಬೇಡಿ. ಕಥೆ ಗೊತ್ತಿದ್ದರೂ ಕೂರಿಸಿ ನೋಡಿಸುವ ಸಿನಿಮಾಗಳೇ ಇವು.

ಉಡುಪಿಯಲ್ಲಿ ನಿಂತು ಹೆದರಿಕೆಯ ಬಗ್ಗೆ ಮಾತಾಡುವಾಗ ಕೃಷ್ಣನಿಂದಲೇ ಶುರು ಮಾಡೋಣ. ಪುರಂದರದಾಸರ ಹಾಡಿನಲ್ಲಿ ಪುಟ್ಟ ಕೃಷ್ಣ ಯಶೋದೆಯನ್ನು ಬೇಡಿಕೊಳ್ಳುತ್ತಾನೆ, ಗುಮ್ಮನನ್ನು ಕರೆಯಬೇಡ ಅಮ್ಮ ಅಂತ. ಸುಮ್ಮನೆ ಇರುತ್ತೇನೆ, ಅಳುವುದಿಲ್ಲ, ಉಣ್ಣುತ್ತೇನೆ ಅಂತ ಒಂದೊಂದೇ ಮಾತು ಕೊಡುತ್ತಾ ಹೋಗುತ್ತಾನೆ. ಹಾಡುವಾಗ ನಮಗೆ ಮುದ್ದು ಉಕ್ಕುತ್ತದೆ. ಆದರೆ ಆ ಮಗುವಿನ ಪಾಡನ್ನು ಸ್ವಲ್ಪ ಯೋಚನೆ ಮಾಡಿ. ಗುಮ್ಮ ಹೇಗಿದ್ದಾನೆ ಅಂತ ಅದಕ್ಕೆ ಗೊತ್ತಿಲ್ಲ. ಒಂದು ಸಲವೂ ಕಂಡಿಲ್ಲ. ಅಮ್ಮ ಕರೆದರೆ ಬರುತ್ತಾನೆ ಅಂತ ಮಾತ್ರ ಗೊತ್ತು. ಅಷ್ಟಕ್ಕೇ ಮಗು ಎಲ್ಲ ಷರತ್ತಿಗೂ ಒಪ್ಪಿಕೊಳ್ಳುತ್ತದೆ.

ನಮ್ಮ ಕಡೆ ಮಕ್ಕಳಾಗಿ ಬೆಳೆದವರೆಲ್ಲ ಇದನ್ನು ಕೇಳಿಯೇ ಬೆಳೆದವರು. "ಕತ್ತಲಾದ ಮೇಲೆ ಹಾಡಿಯ ಹತ್ರ ಹೋಗ್ಬೇಡ ಮಗಾ, ಅಲ್ಲಿ ಎಂತ ಉಂಟು ಅಂತ ಯಾರಿಗೆ ಗೊತ್ತು." ಈ ಮಾತಿನಲ್ಲಿ ನಿಜವಾದ ಕಾಳಜಿ ಇದೆ. ಹಾಡಿಯಲ್ಲಿ, ಅಂದರೆ ಮನೆ ಹತ್ತಿರದ ಕಾಡಿನಲ್ಲಿ, ಹಾವಿದೆ, ಹಾಳುಬಾವಿ ಇದೆ. ಆದರೆ ಹಾವು ಅಂತ ಹೇಳುವುದಿಲ್ಲ, ಬಾವಿ ಅಂತಲೂ ಹೇಳುವುದಿಲ್ಲ. "ಯಾರಿಗೆ ಗೊತ್ತು" ಅಂತ ಹೇಳುತ್ತಾರೆ. ಹಾವು ಅಂದರೆ ಮಗು ಕೋಲು ಹಿಡಿದುಕೊಂಡು ಹೋದೀತು. ಬಾವಿ ಅಂದರೆ ದೂರದಿಂದ ಸುತ್ತಿಕೊಂಡು ಹೋದೀತು. ಹೆಸರೇ ಇಲ್ಲದ್ದಕ್ಕೆ ಕೋಲೂ ಇಲ್ಲ, ಸುತ್ತುದಾರಿಯೂ ಇಲ್ಲ. ಮನೆಯೊಳಗೆ ಕೂರಬೇಕು, ಅಷ್ಟೆ.

ಸಸ್ಪೆನ್ಸ್ ಸಿನಿಮಾ ಹುಟ್ಟಿದ್ದೇ ಈ ಜಾಗದಲ್ಲಿ ಅಂತ ನನ್ನ ನಂಬಿಕೆ.

ಸಸ್ಪೆನ್ಸ್ ಸಿನಿಮಾಗಳಿಗೇ ಹೆಸರಾದ ನಿರ್ದೇಶಕ ಹಿಚ್‌ಕಾಕ್ ಹೇಳಿದ ಮೇಜಿನ ಕೆಳಗಿನ ಬಾಂಬಿನ ಉದಾಹರಣೆ ನಿಮ್ಮಲ್ಲಿ ಕೆಲವರಿಗೆ ಗೊತ್ತಿರಬಹುದು. ಫ್ರೆಂಚ್ ನಿರ್ದೇಶಕ ತ್ರೂಫೋ 1962ರಲ್ಲಿ ಅವರ ಜೊತೆ ಕೂತು ಉದ್ದಕ್ಕೂ ಮಾತಾಡಿದ್ದರಲ್ಲ, ಅಲ್ಲಿ ಬರುವ ಮಾತು ಇದು. ಇಬ್ಬರು ಹರಟೆ ಹೊಡೆಯುತ್ತಿದ್ದಾರೆ. ಬಾಂಬ್ ಇರುವುದು ನಮಗೂ ಗೊತ್ತಿಲ್ಲದೆ ಸಿಡಿದರೆ 15 ಸೆಕೆಂಡ್ ಬೆಚ್ಚಿ ಬೀಳುತ್ತೇವೆ. ಬಾಂಬ್ ಇದೆ ಅಂತ ನಮಗೆ ಮೊದಲೇ ತೋರಿಸಿದರೆ ಅದೇ ಹರಟೆ 15 ನಿಮಿಷದ ಸಸ್ಪೆನ್ಸ್ ಆಗುತ್ತದೆ. ಅಲ್ಲಿ ನೋಡುವವರಿಗೆ ಜಾಸ್ತಿ ಗೊತ್ತು, ಪಾತ್ರಗಳಿಗೆ ಕಡಿಮೆ ಗೊತ್ತು.

ನಾನು ಇವತ್ತು ಹೇಳಲು ಹೊರಟಿರುವ ಸಿನಿಮಾಗಳ ಲೆಕ್ಕ ಬೇರೆ. ನಮಗೂ ಗೊತ್ತಿಲ್ಲ, ಒಳಗೆ ಸಿಕ್ಕಿಕೊಂಡವಳಿಗೂ ಗೊತ್ತಿಲ್ಲ. ಒಬ್ಬನಿಗೆ ಮಾತ್ರ ಗೊತ್ತು. ಅಥವಾ ಗೊತ್ತು ಅಂತ ಅವನು ಹೇಳುತ್ತಾನೆ. ಕೀಲಿಯೂ ಅವನ ಹತ್ತಿರವೇ ಇದೆ.

ಕಾಣದ್ದು ಯಾಕೆ ಇಷ್ಟು ಹೆದರಿಸುತ್ತದೆ ಅನ್ನುವುದಕ್ಕೆ ಜಾಸ್ತಿ ಹೊತ್ತು ಕೊಡುವುದಿಲ್ಲ. 1975ರ 'ಜಾಸ್' ಚಿತ್ರೀಕರಣದಲ್ಲಿ ಯಂತ್ರದ ಶಾರ್ಕ್ ಉಪ್ಪುನೀರಿನಲ್ಲಿ ಪದೇ ಪದೇ ಕೆಟ್ಟು ಕೂತಿತು. ನಿರ್ದೇಶಕ ಸ್ಪೀಲ್‌ಬರ್ಗ್ ಬೇರೆ ದಾರಿ ಇಲ್ಲದೆ ಶಾರ್ಕ್ ತೋರಿಸದೆಯೇ ತುಂಬಾ ದೂರ ಕಥೆ ಎಳೆದರು. ಸಿನಿಮಾ ಗೆದ್ದದ್ದೇ ಅದರಿಂದ. ಅದಕ್ಕೂ ಎಷ್ಟೋ ಮೊದಲು, 1942ರ 'ಕ್ಯಾಟ್ ಪೀಪಲ್'ನಲ್ಲಿ ಈಜುಕೊಳದ ಒಂದು ದೃಶ್ಯ ಇದೆ. ಕತ್ತಲು, ಗೋಡೆಯ ಮೇಲೆ ಅಲುಗುವ ನೀರಿನ ಬೆಳಕು, ಎಲ್ಲಿಂದಲೋ ಒಂದು ಗುರುಗುಟ್ಟುವ ಸದ್ದು, ನಡುನೀರಿನಲ್ಲಿ ಒಬ್ಬಳೇ ಹುಡುಗಿ. ಅಷ್ಟೇ. ನಮ್ಮಲ್ಲೇ ನೋಡಿ, ದೂರದರ್ಶನದ 'ಗುಡ್ಡದ ಭೂತ' ಧಾರಾವಾಹಿ ನೋಡಿದ ತಲೆಮಾರಿನವರಿಗೆ ಇವತ್ತಿಗೂ ಕಥೆ ಅರ್ಧ ಮರೆತಿರುತ್ತದೆ. ಅದರ 'ಡೆನ್ನಾನ' ಹಾಡು ಶುರುವಾದರೆ ಮೈ ಜುಮ್ ಅನ್ನುತ್ತದೆ.

ಕಾಣದ್ದಕ್ಕೆ ಹೆದರುವುದು ಸಹಜ. ಆ ಹೆದರಿಕೆ ಯಾರ ಕೆಲಸಕ್ಕೆ ಬರುತ್ತದೆ ಅನ್ನುವುದು ನನ್ನನ್ನು ಕಾಡುವ ಪ್ರಶ್ನೆ. ಇದನ್ನು ನಾನು ನೋಡಿದವುಗಳಲ್ಲಿ ಎಲ್ಲಕ್ಕಿಂತ ಚೆನ್ನಾಗಿ ಹಿಡಿದದ್ದು 2016ರ '10 ಕ್ಲೋವರ್‌ಫೀಲ್ಡ್ ಲೇನ್'. ಡ್ಯಾನ್ ಟ್ರಾಕ್ಟೆನ್‌ಬರ್ಗ್ ನಿರ್ದೇಶನ.

ಮಿಷೆಲ್ ಅನ್ನುವ ಹುಡುಗಿಯ ಕಾರು ರಾತ್ರಿ ಅಪಘಾತಕ್ಕೆ ಸಿಕ್ಕುತ್ತದೆ. ಎಚ್ಚರ ಆದಾಗ ಕಾಂಕ್ರೀಟಿನ ಕೋಣೆ. ಕೈಗೆ ಡ್ರಿಪ್ ಚುಚ್ಚಿದೆ, ಮೊಣಕಾಲಿಗೆ ಪಟ್ಟಿ ಬಿಗಿದಿದೆ. ಕಾಲನ್ನು ಗೋಡೆಗೆ ಸರಪಳಿಯಿಂದ ಕಟ್ಟಿದೆ. ಮದ್ದು, ಸಂಕೋಲೆ, ಎರಡೂ ಒಂದೇ ಚೌಕಟ್ಟಿನಲ್ಲಿ. ಸಿನಿಮಾದ ಇಡೀ ಪ್ರಶ್ನೆಯನ್ನು ನಿರ್ದೇಶಕ ಒಂದೂ ಮಾತಿಲ್ಲದೆ ಮೊದಲ ಕೆಲವು ನಿಮಿಷದಲ್ಲೇ ಇಟ್ಟುಬಿಡುತ್ತಾರೆ. ಈ ಕೋಣೆ ಆಸ್ಪತ್ರೆಯಾ, ಜೈಲಾ?

ಹೊವರ್ಡ್ ಅನ್ನುವ ದಢೂತಿ ಮನುಷ್ಯ ಬರುತ್ತಾನೆ. ಜಾನ್ ಗುಡ್‌ಮನ್ ಆ ಪಾತ್ರ ಮಾಡಿದ್ದಾರೆ. ಹೊರಗೆ ದಾಳಿ ಆಗಿದೆ, ಗಾಳಿಯೇ ವಿಷ, ಎಲ್ಲರೂ ಸತ್ತಿದ್ದಾರೆ, ನಿನ್ನನ್ನು ನಾನು ಉಳಿಸಿದೆ ಅನ್ನುತ್ತಾನೆ. ನೆಲದಡಿ ತಾನೇ ಕಟ್ಟಿಸಿದ ಬಂಕರ್ ಅದು. ಊಟ ಇದೆ, ಹಾಡಿನ ಪೆಟ್ಟಿಗೆ ಇದೆ, ಸಿನಿಮಾ ಕ್ಯಾಸೆಟ್ಟುಗಳಿವೆ. ಎಮೆಟ್ ಅಂತ ಇನ್ನೊಬ್ಬ ಹುಡುಗನೂ ಇದ್ದಾನೆ. ನಾವು ಮಿಷೆಲ್ ಪರ ನಿಂತು ಯೋಚನೆ ಮಾಡುತ್ತೇವೆ, ಈ ಮನುಷ್ಯ ಸುಳ್ಳು ಹೇಳುತ್ತಿದ್ದಾನೆ, ಹೊರಗೆ ಏನೂ ಆಗಿಲ್ಲ, ಓಡು ಅಂತ.

ಅವಳು ಓಡುತ್ತಾಳೆ. ಕೀಲಿಗೊಂಚಲು ಕದ್ದು ಹೊರಬಾಗಿಲವರೆಗೆ ಹೋಗುತ್ತಾಳೆ. ಬಾಗಿಲಿಗೆ ಒಂದು ಸಣ್ಣ ಗಾಜಿನ ಕಿಂಡಿ. ಆಚೆಯಿಂದ ಒಬ್ಬ ಹೆಂಗಸು ಓಡಿಬಂದು ಗಾಜಿಗೆ ಮುಖ ಒತ್ತುತ್ತಾಳೆ. ಚರ್ಮ ಎಲ್ಲ ಹುಣ್ಣಾಗಿದೆ. ಒಳಗೆ ಬಿಡು ಅಂತ ಬೇಡುತ್ತಾಳೆ. ಬಾಗಿಲು ತೆರೆಯದೇ ಇದ್ದಾಗ ತಲೆಯನ್ನು ಗಾಜಿಗೆ ಚಚ್ಚಿಕೊಳ್ಳುತ್ತಾಳೆ. ಮಿಷೆಲ್ ಕೀಲಿ ಹಿಡಿದುಕೊಂಡು ಹಾಗೇ ನಿಲ್ಲುತ್ತಾಳೆ. ತೆರೆಯುವುದಿಲ್ಲ.

ಆ ಒಂದು ಗಳಿಗೆಯಲ್ಲಿ ನಮಗೂ ನೆಲ ಕುಸಿಯುತ್ತದೆ. ಹೊವರ್ಡ್ ಹೇಳಿದ್ದು ನಿಜ! ಹೊರಗೆ ವಿಷ ಇದೆ. ಆಮೇಲೆ ಮಿಷೆಲ್ ಸೋತು ಒಳಗೆ ಬರುತ್ತಾಳೆ. ಮೂವರೂ ಸೇರಿ ಊಟ ಮಾಡುತ್ತಾರೆ, ಪಜಲ್ ಜೋಡಿಸುತ್ತಾರೆ, ಸಂಸಾರದ ಹಾಗೆ ದಿನ ಕಳೆಯುತ್ತಾರೆ. ನಮಗೂ ಹಾಯೆನಿಸುತ್ತದೆ. ಒಬ್ಬನ ಒಂದು ಮಾತು ನಿಜವಾದ ಕೂಡಲೇ ಅವನೇ ನಿಜ ಅಂತ ನಾವು ನಂಬಿಬಿಡುತ್ತೇವೆ, ಅಲ್ವಾ?

ಒಂದು ದಿನ ಗಾಳಿಯ ಯಂತ್ರ ಕೆಟ್ಟು, ಅದನ್ನು ಸರಿ ಮಾಡಲು ಮಿಷೆಲ್ ಕೊಳವೆಯೊಳಗೆ ತೆವಳಿಕೊಂಡು ಹೋಗುತ್ತಾಳೆ. ಅಲ್ಲಿ ಮೇಲೊಂದು ಗಾಜಿನ ಬೆಳಕಿಂಡಿ. ಅದರ ಮೇಲೆ 'ಕಾಪಾಡಿ' ಅನ್ನುವ ಅರ್ಥದ ಅಕ್ಷರ ಗೀಚಿದೆ. ಒಳಗಿನಿಂದ ಗೀಚಿದ್ದು. ಪಕ್ಕದಲ್ಲಿ ರಕ್ತ ಅಂಟಿದ ಕಿವಿಯೋಲೆ. ಇವಳಿಗಿಂತ ಮೊದಲು ಇನ್ನೊಬ್ಬ ಹುಡುಗಿ ಇಲ್ಲಿದ್ದಳು. ಈ ದಾಳಿಗೂ ತುಂಬಾ ಮೊದಲು, ಹೊರಗೆ ಗಾಳಿ ಶುದ್ಧವಾಗಿದ್ದಾಗಲೇ ಇದ್ದಳು.

ಈಗ ಹೇಳಿ, ಹೊವರ್ಡ್ ಕಾಪಾಡಿದವನಾ, ಕೂಡಿಹಾಕಿದವನಾ? ಎರಡೂ ಹೌದು. ಹೊರಗೆ ಅಪಾಯ ಇದೆ ಅಂತ ಅವನು ಹೇಳಿದ್ದು ಸುಳ್ಳಲ್ಲ. ಕೊನೆಗೆ ಮಿಷೆಲ್ ಹೊರಗೆ ಬಂದಾಗ ಆಕಾಶದಲ್ಲಿ ಅನ್ಯಗ್ರಹದ ಹಡಗು ತೇಲುತ್ತಿರುತ್ತದೆ. ಗುಮ್ಮ ನಿಜ. ಗುಮ್ಮ ನಿಜವಾದ ಮಾತ್ರಕ್ಕೆ ಹೊವರ್ಡ್ ಒಳ್ಳೆಯವನಾಗುವುದಿಲ್ಲ. ಹಕ್ಕಿಯನ್ನು ಪಂಜರದಲ್ಲಿ ಇಟ್ಟವನು ಹೊರಗೆ ಬೆಕ್ಕಿದೆ ಅಂತ ತೋರಿಸಬಹುದು, ಬೆಕ್ಕು ಇರಲೂಬಹುದು. ಪಂಜರ ತಂದದ್ದು ಬೆಕ್ಕು ಕಾಣಿಸುವ ಮೊದಲೇ.

ಅದರಲ್ಲೇ ಇನ್ನೊಂದು ಚಿಕ್ಕ ದೃಶ್ಯ. ಮೂವರೂ ಸುಳಿವು ಕೊಟ್ಟು ಮಾತು ಹೇಳಿಸುವ ಆಟ ಆಡುತ್ತಿದ್ದಾರೆ. 'ಹೆಂಗಸು' ಅನ್ನುವ ಮಾತು ಹೊವರ್ಡ್ ಬಾಯಿಂದ ಬರಬೇಕು. ಎಮೆಟ್ ಮಿಷೆಲ್ ಕಡೆ ಕೈ ತೋರಿಸಿ, ಇವಳು ಏನು ಹೇಳಿ ಅನ್ನುತ್ತಾನೆ. ಹೊವರ್ಡ್ ಹುಡುಗಿ ಅನ್ನುತ್ತಾನೆ, ಮಗು ಅನ್ನುತ್ತಾನೆ, ಪುಟ್ಟ ರಾಜಕುಮಾರಿ ಅನ್ನುತ್ತಾನೆ. ಎಷ್ಟು ತಿಣುಕಿದರೂ ಅವಳು ಬೆಳೆದ ಹೆಂಗಸು ಅನ್ನುವುದು ಅವನ ತಲೆಗೆ ಹೊಳೆಯುವುದೇ ಇಲ್ಲ. ಬಂದೂಕು, ಚಾಕು ಯಾವುದೂ ಇಲ್ಲದ ಆಟದ ದೃಶ್ಯ ಅದು. ನನಗೆ ಇಡೀ ಸಿನಿಮಾದಲ್ಲಿ ಜಾಸ್ತಿ ಹೆದರಿಕೆ ಆದದ್ದು ಅಲ್ಲೇ.

ಆ ಗಾಜಿನ ಕಿಂಡಿಯ ಬಗ್ಗೆ ಇನ್ನೂ ಸ್ವಲ್ಪ ಮಾತಾಡಬೇಕು. ಬಾಗಿಲ ಆಚೆ ನಿಂತು ಬಡಿಯುವವರ ಮುಖ ನಮ್ಮ ಕರಾವಳಿಯವರು ಸಿನಿಮಾದಲ್ಲಿ ಮಾತ್ರ ನೋಡಿದ್ದಲ್ಲ. 2020ರ ಮಾರ್ಚ್ ಕೊನೆಯಲ್ಲಿ ತಲಪಾಡಿ ಗಡಿ ಮುಚ್ಚಿತು. ಕೇರಳ ಗಡಿಯ ಎಷ್ಟೋ ಒಳರಸ್ತೆಗಳಿಗೆ ಮಣ್ಣು ಸುರಿದರು. ಕೊರೋನ ನಿಜವಾಗಿತ್ತು, ಕಾಸರಗೋಡಿನಲ್ಲಿ ಆಗ ಕೇಸುಗಳೂ ಜಾಸ್ತಿ ಇದ್ದವು. ಹೆದರಿಕೆಗೆ ಕಾರಣ ಇತ್ತು. ಆದರೆ ಮಂಜೇಶ್ವರ, ಕುಂಬಳೆ ಕಡೆಯವರಿಗೆ ದೊಡ್ಡ ಆಸ್ಪತ್ರೆ ಅಂದರೆ ಯಾವತ್ತೂ ಮಂಗಳೂರೇ. ಡಯಾಲಿಸಿಸ್, ಹೃದಯ, ಹೆರಿಗೆ, ಎಲ್ಲಕ್ಕೂ ಈಚೆಗೇ ಬರುತ್ತಿದ್ದರು. ಅವರು ನಮ್ಮ ತುಳು, ಕನ್ನಡ ಮಾತಾಡುವ ನೆಂಟರಿಷ್ಟರು. ಆಂಬ್ಯುಲೆನ್ಸುಗಳು ಗಡಿಯಲ್ಲಿ ನಿಂತವು. ಸಮಯಕ್ಕೆ ಚಿಕಿತ್ಸೆ ಸಿಗದೆ ಜನ ಸತ್ತರು. ವಿಷಯ ಕೇರಳ ಹೈಕೋರ್ಟಿಗೆ ಹೋಯಿತು, ಸುಪ್ರೀಂ ಕೋರ್ಟಿಗೆ ಹೋಯಿತು. ಏಪ್ರಿಲ್ ಮೊದಲ ವಾರದ ಹೊತ್ತಿಗೆ ರೋಗಿಗಳನ್ನು ಬಿಡುವ ಒಪ್ಪಂದ ಆಯಿತು.

ಆಗ ಈಚೆ ಇದ್ದ ನಮ್ಮಲ್ಲಿ ಹೆಚ್ಚಿನವರು ಸುಮ್ಮನಿದ್ದೆವು. ಕೆಟ್ಟವರಾಗಿ ಸುಮ್ಮನಿದ್ದದ್ದಲ್ಲ. ಕೀಲಿ ಹಿಡಿದುಕೊಂಡು ನಿಂತ ಮಿಷೆಲ್ ಹಾಗೆ ನಿಂತಿದ್ದೆವು. ಗೋಡೆಯೊಳಗೆ ಇರುವವರನ್ನು ಹೆದರಿಕೆ ಏನು ಮಾಡುತ್ತದೆ ಅನ್ನುವುದನ್ನು ಆ ದೃಶ್ಯ ತೋರಿಸುತ್ತದೆ. ಕೂಡಿಹಾಕಿದವನ ಮಾತು ಅರ್ಧ ನಂಬಿದ ಕೂಡಲೇ ಬಾಗಿಲು ಕಾಯುವ ಕೆಲಸವನ್ನು ನಾವೇ ವಹಿಸಿಕೊಳ್ಳುತ್ತೇವೆ.

ಇನ್ನು, ಗುಮ್ಮ ಪೂರ್ತಿ ಸುಳ್ಳಾಗಿರುವ ಕಥೆಗೆ ಬರೋಣ. ಎಂ. ನೈಟ್ ಶ್ಯಾಮಲನ್ 2004ರಲ್ಲಿ ಮಾಡಿದ 'ದಿ ವಿಲೇಜ್'. ಕಾಡಿನ ನಡುವೆ ಒಂದು ಹಳ್ಳಿ. ಕಾಡಿನಲ್ಲಿ ಹೆಸರು ಎತ್ತಬಾರದ ಪ್ರಾಣಿಗಳಿವೆ ಅಂತ ಹಿರಿಯರು ಹೇಳಿದ್ದಾರೆ. ಕೆಂಪು ಬಣ್ಣ ಆಗಬಾರದು, ಗಡಿ ದಾಟಬಾರದು. ಸಿನಿಮಾ ಬಂದಾಗ ಎಷ್ಟೋ ಜನ ಬೈದರು, ಕೊನೆಯ ಗುಟ್ಟು ಮೋಸ ಅಂತ. ನನಗೆ ಹಾಗನಿಸುವುದಿಲ್ಲ. ಗುಟ್ಟಿನ ಹಿಂದೆ ಇರುವ ದುಃಖ ದೊಡ್ಡದು. ಆ ಹಿರಿಯರೆಲ್ಲ ಪೇಟೆಯಲ್ಲಿ ತಮ್ಮವರನ್ನು ಕೊಲೆ, ಹಿಂಸೆಗೆ ಕಳೆದುಕೊಂಡವರು. ಮಕ್ಕಳಾದರೂ ಸುಖವಾಗಿರಲಿ ಅಂತ ಕಾಡಿನೊಳಗೆ ಹಳೆಯ ಕಾಲದ ಊರು ಕಟ್ಟಿಕೊಂಡರು. ಮಕ್ಕಳು ದಾಟದ ಹಾಗೆ ಪ್ರಾಣಿಯ ವೇಷ ಹೊಲಿದರು. ಹೊವರ್ಡ್ ಥರದ ಕ್ರೌರ್ಯ ಅವರಲ್ಲಿ ಇಲ್ಲ. ಅಪ್ಪ ಅಮ್ಮಂದಿರು ಅವರು.

ಆದರೆ ಏನಾಯಿತು? ಊರಿನ ಒಬ್ಬ ಹುಡುಗನೇ ಇನ್ನೊಬ್ಬನಿಗೆ ಚಾಕು ಹಾಕುತ್ತಾನೆ. ಇಷ್ಟೆಲ್ಲ ಬೇಲಿ ಕಟ್ಟಿ ಯಾವುದನ್ನು ಹೊರಗೆ ಇಟ್ಟಿದ್ದರೋ ಅದು ಒಳಗೇ ಹುಟ್ಟಿತು. ಗಾಯಕ್ಕೆ ಮದ್ದು ಮಾತ್ರ ಬೇಲಿಯ ಆಚೆ ಇದೆ.

ಇದನ್ನು ನೋಡುವಾಗ ನನಗೆ ನಮ್ಮ ಪರೀಕ್ಷಿತನ ಕಥೆ ನೆನಪಾಗದೆ ಇರಲಿಲ್ಲ. ಏಳು ದಿನದಲ್ಲಿ ತಕ್ಷಕ ಕಚ್ಚುತ್ತಾನೆ ಅಂತ ಶಾಪ. ರಾಜ ಒಂಟಿ ಕಂಬದ ಮೇಲೆ ಅರಮನೆ ಕಟ್ಟಿಸಿದ. ಸುತ್ತ ಕಾವಲು, ವಿಷವೈದ್ಯರು, ಮಂತ್ರ ಗೊತ್ತಿದ್ದವರು. ತಕ್ಷಕ ಹಣ್ಣಿನೊಳಗೆ ಹುಳವಾಗಿ ಬಂದ. ಆ ಹಣ್ಣನ್ನು ರಾಜ ತಾನೇ ಕೈಗೆತ್ತಿಕೊಂಡ. ಮಹಾಭಾರತದವರಿಗೆ ಆ ಕಾಲಕ್ಕೇ ಗೊತ್ತಿತ್ತು, ಎಂಥ ಕೋಟೆಗೂ ಊಟದ ತಟ್ಟೆ ಒಳಗೆ ಬರಲೇಬೇಕು ಅಂತ.

'ದಿ ವಿಲೇಜ್' ಬಗ್ಗೆ ಇನ್ನೊಂದು ಮಾತು, ಇದು ಈ ನೆಲದವರಿಗೆ ಮಾತ್ರ ಹೊಳೆಯುವಂಥದ್ದು. ಅಲ್ಲಿ ವೇಷ ಹಾಕುವುದು ಗುಟ್ಟು. ವೇಷದೊಳಗೆ ಯಾರಿದ್ದಾರೆ ಅಂತ ಗೊತ್ತಾದರೆ ಹೆದರಿಕೆ ಮುಗಿಯಿತು, ಊರೂ ಮುಗಿಯಿತು. ಈಗ ನಮ್ಮ ಕೋಲ ನೆನೆಸಿಕೊಳ್ಳಿ. ಬಣ್ಣ ಹಚ್ಚುವಾಗ ಮಕ್ಕಳು ಹತ್ತಿರವೇ ಕೂತು ನೋಡುತ್ತಾರೆ. ಮುಖಕ್ಕೆ ಹಳದಿ ಬಳಿಯುವುದು, ತೆಂಗಿನ ಸಿರಿ ಸೀಳಿ ಕಟ್ಟುವುದು, ಕಾಲಿಗೆ ಗಗ್ಗರ ಏರಿಸುವುದು, ಎಲ್ಲ ಕಣ್ಣೆದುರೇ. ಕಟ್ಟುವವರು ಯಾರು, ಅವರ ಮನೆ ಎಲ್ಲಿ, ಎಲ್ಲರಿಗೂ ಗೊತ್ತು. ಆದರೂ ದೈವ ಎದ್ದು ನಿಂತಾಗ ಕೈ ತಾನಾಗಿ ಜೋಡಿಸುತ್ತದೆ. ದೈವದ ಎದುರು ನಿಂತು ಜನ ಕೇಳುತ್ತಾರೆ, ದೂರುತ್ತಾರೆ, ಹೀಗ್ಯಾಕೆ ಮಾಡಿದೆ ಅಂತ ಅಳುತ್ತಾರೆ. ದೈವ ಉತ್ತರ ಕೊಡುತ್ತದೆ, ಅಭಯ ಕೊಡುತ್ತದೆ. ಅಲ್ಲೂ ಹೆದರಿಕೆ ಇದೆ, ಭಕ್ತಿಯ ಜೊತೆ ಬೆರೆತ ಹೆದರಿಕೆ. ಆದರೆ ಅದು ಮುಖ ತೋರಿಸುವ, ಮಾತಾಡುವ, ಪ್ರಶ್ನೆ ಕೇಳಿಸಿಕೊಳ್ಳುವ ಶಕ್ತಿ. ಕಾಡಿನ ಅಂಚಿನಲ್ಲಿ ಬೆನ್ನು ತೋರಿಸಿ ಮಾಯವಾಗುವ ಗುಮ್ಮ ಅಲ್ಲ. ಇವೆರಡನ್ನೂ ಒಂದೇ ಅಂತ ತಿಳಿಯುವ ಸಿನಿಮಾಗಳು ನಮ್ಮ ಕಡೆ ಬಂದಿವೆ, ಇನ್ನೂ ಬರುತ್ತವೆ. ಅನೂಪ್ ಭಂಡಾರಿ ಅವರ 2015ರ 'ರಂಗಿತರಂಗ' ಆ ತಪ್ಪು ಮಾಡಲಿಲ್ಲ. ಊರೆಲ್ಲ ಭೂತ ಅಂತ ಹೆದರುತ್ತಿರುವಾಗ, ಆ ಹೆದರಿಕೆಯ ಹಿಂದೆ ಅಡಗಿ ಕೊಲ್ಲುವವನು ಒಬ್ಬ ಮನುಷ್ಯ.

ಕರುಣೆ ಪೂರ್ತಿ ಆರಿಹೋದ ಮೇಲೆ ಉಳಿಯುವುದು ಯಾವ ರೂಪ? ಗ್ರೀಕ್ ನಿರ್ದೇಶಕ ಯೋರ್ಗೋಸ್ ಲಾಂತಿಮೋಸ್ ಅವರ 2009ರ 'ಡಾಗ್‌ಟೂತ್'. ಇದು ಎಲ್ಲರಿಗೂ ನೋಡಿ ಅಂತ ಹೇಳುವ ಸಿನಿಮಾ ಅಲ್ಲ, ಹಿಂಸೆ ಆಗುತ್ತದೆ. ದೊಡ್ಡ ಕಾಂಪೌಂಡಿನೊಳಗೆ ಮೂವರು ಬೆಳೆದ ಮಕ್ಕಳು. ಹುಟ್ಟಿದ ಮೇಲೆ ಹೊರಗೆ ಹೋಗಿಲ್ಲ. ಒಂದು ಬೆಕ್ಕು ಅಂಗಳಕ್ಕೆ ಬಂದಾಗ ಅಪ್ಪ ತನ್ನ ಬಟ್ಟೆ ತಾನೇ ಹರಿದುಕೊಂಡು, ನಕಲಿ ರಕ್ತ ಬಳಿದುಕೊಂಡು ಮನೆಗೆ ಬರುತ್ತಾನೆ. ಬೇಲಿಯಾಚೆ ಇದ್ದ ನಿಮ್ಮ ಅಣ್ಣನನ್ನು ಬೆಕ್ಕು ಕೊಂದುಹಾಕಿತು ಅನ್ನುತ್ತಾನೆ. ಆಮೇಲೆ ಎಲ್ಲರನ್ನೂ ನಾಲ್ಕು ಕಾಲಲ್ಲಿ ನಿಲ್ಲಿಸಿ ನಾಯಿಯ ಹಾಗೆ ಬೊಗಳುವುದು ಕಲಿಸುತ್ತಾನೆ. ಕೋರೆಹಲ್ಲು ಬಿದ್ದ ದಿನ ಹೊರಗೆ ಹೋಗಬಹುದು ಅನ್ನುವುದು ಮನೆಯ ಕಾನೂನು. ದೊಡ್ಡ ಮಗಳು ಕನ್ನಡಿ ಎದುರು ನಿಂತು ಡಂಬೆಲ್‌ನಿಂದ ತನ್ನ ಹಲ್ಲು ತಾನೇ ಜಜ್ಜಿ ಉದುರಿಸಿಕೊಳ್ಳುತ್ತಾಳೆ. ಅಪ್ಪನ ಕಾರಿನ ಡಿಕ್ಕಿಯಲ್ಲಿ ಅಡಗುತ್ತಾಳೆ. ಕಾರು ಹೊರಗೆ ಹೋಗಿ ನಿಲ್ಲುತ್ತದೆ. ಕ್ಯಾಮೆರಾ ಡಿಕ್ಕಿಯನ್ನೇ ನೋಡುತ್ತಾ ಇರುತ್ತದೆ. ಡಿಕ್ಕಿ ತೆರೆಯುವುದಿಲ್ಲ. ಸಿನಿಮಾ ಮುಗಿಯುತ್ತದೆ.

ಮನೆ ಬಿಟ್ಟು ಓಡುವಾಗಲೂ ಅವಳು ಅಪ್ಪನ ಕಾನೂನು ಮುರಿಯಲಿಲ್ಲ, ಗಮನಿಸಿದಿರಾ? ಹಲ್ಲು ಬೀಳಬೇಕು ಅಂತ ಇತ್ತು, ಬೀಳಿಸಿದಳು. ಬೇಲಿ ಅವಳ ಒಳಗೇ ಇತ್ತು.

'ದಿ ಅದರ್ಸ್', 2001, ಅದನ್ನು ಚುಟುಕಾಗಿ ಹೇಳಿ ಮುಂದೆ ಹೋಗುತ್ತೇನೆ. ಮಕ್ಕಳಿಗೆ ಬೆಳಕು ಆಗುವುದಿಲ್ಲ ಅಂತ ತಾಯಿ ಮನೆಯ ಪರದೆ ಎಲ್ಲ ಎಳೆದಿರುತ್ತಾಳೆ. ಒಂದು ಬಾಗಿಲಿಗೆ ಬೀಗ ಹಾಕದೆ ಇನ್ನೊಂದು ತೆರೆಯುವ ಹಾಗಿಲ್ಲ. ಮನೆಗೆ ಯಾರೋ ಕಾಣದವರು ನುಗ್ಗಿದ್ದಾರೆ ಅಂತ ನಡುಗುತ್ತಾಳೆ. ಕೊನೆಗೆ ಗೊತ್ತಾಗುವುದು, ನುಗ್ಗಿದವರು ಬದುಕಿದ್ದ ಮನುಷ್ಯರು. ಸತ್ತವರು ಇವಳು, ಇವಳ ಮಕ್ಕಳು. ಆ ಮಕ್ಕಳನ್ನು ಕೊಂದದ್ದೂ ಇವಳ ಕೈಯೇ.

ನಮ್ಮ 'ಆಪ್ತಮಿತ್ರ' ಬಿಟ್ಟರೆ ನೀವು ನನ್ನನ್ನು ಮನೆಗೆ ಕಳಿಸುವುದಿಲ್ಲ. 1993ರ ಮಲಯಾಳಂ 'ಮಣಿಚಿತ್ರತಾಳ್' ಕಥೆಯನ್ನು ಪಿ. ವಾಸು 2004ರಲ್ಲಿ ಕನ್ನಡಕ್ಕೆ ತಂದರು. ಸೌಂದರ್ಯ ಆ ವರ್ಷ ಏಪ್ರಿಲ್‌ನಲ್ಲೇ ವಿಮಾನ ಅಪಘಾತದಲ್ಲಿ ತೀರಿಹೋಗಿದ್ದರು, ಸಿನಿಮಾ ಬಂದದ್ದು ಆಮೇಲೆ. ನಾಗವಲ್ಲಿಯ ಕಣ್ಣು ತೆರೆಯ ಮೇಲೆ ನೋಡುವಾಗ ಥಿಯೇಟರಿನಲ್ಲಿ ಇದ್ದ ಸಂಕಟವೇ ಬೇರೆ.

ಇಲ್ಲಿ ದಿಕ್ಕು ತಿರುಗಿದೆ. ಅಪಾಯ ಮನೆಯ ಹೊರಗಿಲ್ಲ, ಮನೆಯೊಳಗೆ ಬೀಗ ಹಾಕಿದ ಕೋಣೆಯಲ್ಲಿದೆ. ತಲೆತಲಾಂತರದಿಂದ ಯಾರೂ ತೆರೆದಿಲ್ಲ. ಬೀಗ ಹಾಕಿದ್ದು ಜನರ ಒಳ್ಳೆಯದಕ್ಕೇ. ಸೌಂದರ್ಯ ಮಾಡಿದ ಗಂಗಾ ಬಾಗಿಲು ತೆಗೆಸಿ ಒಳಗೆ ಹೋಗುತ್ತಾಳೆ, ತಾನೇ ಹಿಂದಿನ ಕಾಲದ ನರ್ತಕಿ ನಾಗವಲ್ಲಿ ಅನ್ನುವ ಹಾಗೆ ಆಡತೊಡಗುತ್ತಾಳೆ, ಆಮೇಲಿನದ್ದು ನಿಮಗೆ ಗೊತ್ತು. ನಮ್ಮ ಹಿರಿಯರು ಈ ಸಿನಿಮಾ ನೋಡಿ ಬಂದು, "ಅದಕ್ಕೇ ಹೇಳೂದು, ಬೇಡ ಅಂದ ಕೋಣೆಗೆ ಹೋಗಬಾರದು" ಅಂದಿದ್ದುಂಟು. ಸಿನಿಮಾ ಹಾಗೆ ಹೇಳುವುದಿಲ್ಲ. ವಿಷ್ಣುವರ್ಧನ್ ಮಾಡಿದ ಡಾಕ್ಟರ್ ಮತ್ತೆ ಬೀಗ ಜಡಿಯಿರಿ ಅನ್ನುವುದಿಲ್ಲ. ತಾನೇ ಆ ಕೋಣೆಗೆ ಹೋಗುತ್ತಾನೆ, ನೋಡುತ್ತಾನೆ. ನಾಗವಲ್ಲಿಗೆ ಬೇಕಾದ ಸೇಡನ್ನು ಒಂದು ಬೊಂಬೆಯ ಮೇಲೆ ತೀರಿಸಿಕೊಳ್ಳಲು ಬಿಡುತ್ತಾನೆ. ಅಪಾಯ ಸುಳ್ಳಲ್ಲ, ಗಂಗಾ ಗಂಡನ ಮೇಲೇ ಕೈ ಮಾಡಿದವಳು. ಅವಳನ್ನು ಕಟ್ಟಿಹಾಕುವುದೇ ಮದ್ದು ಅಂತ ಡಾಕ್ಟರ್ ಒಪ್ಪಲಿಲ್ಲ. ಅವಳು ವಾಪಸ್ ಬರುತ್ತಾಳೆ ಅಂತ ನಂಬಿದ. ಇದಕ್ಕಾಗಿ ಆ ಸಿನಿಮಾ ನನಗೆ ಇಷ್ಟ.

ನಿಮ್ಮಲ್ಲಿ ತುಂಬಾ ಜನ ಹಾಸ್ಟೆಲಿನಲ್ಲಿ ಇರುವವರು. ನಾನೂ ಮಂಗಳೂರಿನಲ್ಲಿ ಓದುವಾಗ ಹಾಸ್ಟೆಲಿನಲ್ಲೇ ಇದ್ದೆ. ಸಂಜೆ ಗೇಟು ಹಾಕಿದರೆ ಬೆಳಿಗ್ಗೆಯೇ ತೆರೆಯುವುದು. ರಾತ್ರಿ ಮಹಡಿಯ ಗ್ರಿಲ್ಲಿಗೂ ಹೊರಗಿನಿಂದ ಬೀಗ. ಒಂದು ರಾತ್ರಿ ಮೀಟರ್ ಬೋರ್ಡಿನಲ್ಲಿ ಶಾರ್ಟ್ ಆಗಿ ಹೊಗೆ ತುಂಬಿತು. ಕೆಮ್ಮುತ್ತಾ ನಾವು ಗ್ರಿಲ್ ಹಿಡಿದು ಕೂಗುತ್ತಿದ್ದೆವು. ಕೀಲಿ ಇದ್ದ ಅಕ್ಕ ಕೆಳಗಿನ ಕೋಣೆಯಲ್ಲಿ ಮಲಗಿದ್ದರು. ಅವರು ಎದ್ದು ಬರುವಷ್ಟರಲ್ಲಿ ಹೊಗೆ ತಾನಾಗಿ ಕಡಿಮೆ ಆಗಿತ್ತು, ಯಾರಿಗೂ ಏನೂ ಆಗಲಿಲ್ಲ. ಮರುದಿನ ಕೇಳಿದಾಗ ಬಂದ ಉತ್ತರ, "ನಿಮ್ಮ ಸೇಫ್ಟಿಗೇ ಅಲ್ವಾ ಬೀಗ ಹಾಕೂದು?" ಹೌದು, ಅವರು ಮನಸಾರೆ ನಂಬಿ ಹೇಳಿದ ಮಾತು ಅದು.

2022ರಲ್ಲಿ ಕೋಯಿಕ್ಕೋಡಿನ ಮೆಡಿಕಲ್ ಕಾಲೇಜಿನ ಹುಡುಗಿಯರು ರಾತ್ರಿ ಒಂಬತ್ತೂವರೆಯ ಗಡುವಿನ ವಿರುದ್ಧ ಕೇರಳ ಹೈಕೋರ್ಟಿಗೆ ಹೋದರು. ಹುಡುಗಿಯರನ್ನೇ ಯಾಕೆ ಕೂಡಿಹಾಕಬೇಕು ಅಂತ ಕೋರ್ಟೂ ಕೇಳಿತು. ಡಾಕ್ಟರ್ ಆಗಿ ನೈಟ್ ಡ್ಯೂಟಿ ಮಾಡಬೇಕಾದವರಿಗೆ ರಾತ್ರಿಯೇ ಅಪರಿಚಿತ ಆದರೆ ಹೇಗೆ ಅಂತ ನನಗೂ ಅನಿಸುತ್ತದೆ.

ಮಂಗಳೂರಿನವರಿಗೆ 2009ರ ಜನವರಿ 24 ಮರೆತಿರುವುದಿಲ್ಲ. ಪಬ್ ಒಂದಕ್ಕೆ ನುಗ್ಗಿ ಹುಡುಗಿಯರನ್ನು ಅಟ್ಟಾಡಿಸಿ ಹೊಡೆದರು. ಟಿವಿಯಲ್ಲಿ ಇಡೀ ದೇಶ ನೋಡಿತು. ನಮ್ಮ ಹೆಣ್ಣುಮಕ್ಕಳನ್ನು, ನಮ್ಮ ಸಂಸ್ಕೃತಿಯನ್ನು ಉಳಿಸಲು ಅಂದರು. 2018ರಲ್ಲಿ ಆರೋಪಿಗಳು ಸಾಕ್ಷಿ ಸಾಲದೆ ಬಿಡುಗಡೆ ಆದರು. ಕಾಪಾಡುತ್ತೇನೆ ಅನ್ನುವವನ ಕೈ ಮೊದಲು ಯಾರ ಮೇಲೆ ಬೀಳುತ್ತದೆ ಅಂತ ನೋಡಿಕೊಳ್ಳಲು ಹೊವರ್ಡ್ ಸಿನಿಮಾ ಬರುವವರೆಗೆ ಕಾಯಬೇಕಾಗಿರಲಿಲ್ಲ.

ಹಾಗಾದರೆ ಕಾಪಾಡುವುದೇ ತಪ್ಪಾ? ಖಂಡಿತ ಅಲ್ಲ. ಅದಕ್ಕಾಗಿ 2015ರ 'ರೂಮ್' ಹೇಳಲೇಬೇಕು. 17ನೇ ವಯಸ್ಸಿನಲ್ಲಿ ಅಪಹರಣವಾದ ಹುಡುಗಿ, ಏಳು ವರ್ಷದಿಂದ ಒಂದು ಶೆಡ್ಡಿನಲ್ಲಿ ಬಂಧಿ. ಅಲ್ಲೇ ಹುಟ್ಟಿದ ಮಗ ಜ್ಯಾಕ್‌ಗೆ ಐದು ವರ್ಷ. ಮೇಲೊಂದು ಬೆಳಕಿಂಡಿ ಬಿಟ್ಟರೆ ಕಿಟಕಿ ಇಲ್ಲ. ತಾಯಿ ಆ ಮಗುವಿಗೆ ಏನು ಹೇಳಿದ್ದಾಳೆ ಗೊತ್ತಾ? ಈ ಕೋಣೆಯೇ ಜಗತ್ತು, ಟಿವಿಯಲ್ಲಿ ಕಾಣುವುದೆಲ್ಲ ಸುಳ್ಳು ಅಂತ. ಅವಳೂ ಸುಳ್ಳು ಹೇಳಿದವಳೇ. ಮಗುವಿಗೆ ಸಿಗದ್ದರ ಆಸೆ ಹುಟ್ಟದಿರಲಿ ಅಂತ ಹೇಳಿದ ಸುಳ್ಳು. ಅಷ್ಟೇ ನೋಡಿದರೆ 'ಡಾಗ್‌ಟೂತ್' ಅಪ್ಪನಿಗೂ ಇವಳಿಗೂ ಏನು ವ್ಯತ್ಯಾಸ?

ಜ್ಯಾಕ್‌ಗೆ ಐದು ತುಂಬಿದ ಕೂಡಲೇ ಅವಳೇ ಆ ಸುಳ್ಳನ್ನು ಕೆಡವುತ್ತಾಳೆ. ಗೋಡೆಗೆ ಎರಡು ಬದಿ ಇದೆ, ಆಚೆ ನಿಜವಾದ ಮರ, ನಿಜವಾದ ನಾಯಿ, ನಿಜವಾದ ಅಜ್ಜಿ ಇದ್ದಾರೆ ಅನ್ನುತ್ತಾಳೆ. ಮಗು ಕಿರುಚುತ್ತದೆ, ನಂಬುವುದಿಲ್ಲ. ಅವಳು ಬಿಡುವುದಿಲ್ಲ. ಚಾಪೆಯಲ್ಲಿ ಸುತ್ತಿಕೊಂಡು ಸತ್ತವನ ಹಾಗೆ ಮಲಗುವುದು, ಕೂಡಿಹಾಕಿದವನ ಟ್ರಕ್ಕಿನಲ್ಲಿ ಉರುಳಿ ಬಿಡಿಸಿಕೊಳ್ಳುವುದು, ಹಾರುವುದು, ಓಡುವುದು, ಯಾರಾದರೂ ಸಿಕ್ಕರೆ ಚೀಟಿ ಕೊಡುವುದು, ಎಲ್ಲ ಮತ್ತೆ ಮತ್ತೆ ಹೇಳಿಕೊಡುತ್ತಾಳೆ. ತಾನು ಅಲ್ಲೇ ಉಳಿದು, ಆಕಾಶವನ್ನೇ ಸರಿಯಾಗಿ ನೋಡದ ಮಗುವನ್ನು ಒಂಟಿಯಾಗಿ ಹೊರಗೆ ಕಳಿಸುತ್ತಾಳೆ. ಅದಕ್ಕಿಂತ ದೊಡ್ಡ ಅಪಾಯ ಇನ್ನೇನಿದೆ? ಆದರೂ ಅಲ್ಲಿ ಆ ತಾಯಿ ಮಾಡುವ ಕೆಲಸವನ್ನೇ ನಾನು ಕಾಪಾಡುವುದು ಅಂತ ಕರೆಯುತ್ತೇನೆ.

ತುಂಬಾ ದಿನ ಆದ ಮೇಲೆ ಜ್ಯಾಕ್ ಆ ಕೋಣೆ ನೋಡಬೇಕು ಅಂತ ಹಠ ಮಾಡುತ್ತಾನೆ. ಕರೆದುಕೊಂಡು ಹೋಗುತ್ತಾರೆ. ಒಳಗೆ ನಿಂತು, ಇದು ಅದೇ ಕೋಣೆಯಾ, ಕುಗ್ಗಿಹೋಗಿದೆಯಾ ಅಂತ ಕೇಳುತ್ತಾನೆ. ಬಾಗಿಲು ತೆರೆದಿರುವುದಕ್ಕೆ ಹೀಗೆ ಅಂತ ಅವನಿಗನಿಸುತ್ತದೆ. ಬಾಗಿಲು ತೆರೆದಿದ್ದರೆ ಅದು ನಮ್ಮ ಕೋಣೆ ಹೇಗಾಗುತ್ತದೆ ಅನ್ನುತ್ತಾನೆ. ಅಲ್ಲಿದ್ದ ಗಿಡಕ್ಕೆ, ಕುರ್ಚಿಗೆ ಒಂದೊಂದಕ್ಕೂ ಟಾಟಾ ಹೇಳುತ್ತಾನೆ.

ಹೊವರ್ಡ್ ಬಂಕರಿನಲ್ಲಿ ಮಿಷೆಲ್ ಕೊನೆಗೆ ಮಾಡಿದ್ದೂ ನೆನಪಿರಲಿ. ಬಟ್ಟೆ ಹೊಲಿಯುವ ಹುಡುಗಿ ಅವಳು. ಬಚ್ಚಲಿನ ಪ್ಲಾಸ್ಟಿಕ್ ಪರದೆ ಕದ್ದು, ಡಕ್ಟ್ ಟೇಪ್ ಅಂಟಿಸಿ ಮೈ ಮುಚ್ಚುವ ಅಂಗಿ, ಮುಖಕ್ಕೆ ಮಾಸ್ಕ್ ಹೊಲಿಯುತ್ತಾಳೆ. ಗಾಳಿಯಲ್ಲಿ ವಿಷ ಇದೆ ಅನ್ನುವ ಅವನ ಮಾತನ್ನು ಅವಳು ತಳ್ಳಿಹಾಕಲಿಲ್ಲ. ವಿಷ ಇರಬಹುದು ಅಂತ ಒಪ್ಪಿಕೊಂಡೇ ಹೊರಗೆ ಹೋಗುವ ತಯಾರಿ ಮಾಡಿದಳು. ಬಂಕರೂ ರಕ್ಷಣೆ, ಆ ಅಂಗಿಯೂ ರಕ್ಷಣೆ. ಒಂದನ್ನು ಹಾಕಿಕೊಂಡು ನಡೆಯಬಹುದು.

ನನ್ನ ಮಾತು ಇಷ್ಟು. ಆಮೇಲೆ ಬಂದ ಎರಡು ಪ್ರಶ್ನೆ.

ಎರಡನೇ ವರ್ಷದ ಬಿ.ಎ. ಹುಡುಗನೊಬ್ಬ ಕೇಳಿದ: "ಮೇಡಂ, ಹೊವರ್ಡ್ ಮೊದಲಿನ ಹುಡುಗಿಗೆ ಏನೂ ಮಾಡಿರದಿದ್ದರೆ? ನಿಜವಾಗಿ ಒಳ್ಳೆಯವನೇ ಆಗಿದ್ದರೆ? ಆಗ ಬೀಗ ಸರಿಯಾ?"

ಒಳ್ಳೆಯವನಾಗಿದ್ದರೆ ಅವಳಿಗೆ ಎಚ್ಚರ ಆದ ದಿನವೇ ಕೈ ಹಿಡಿದು ಆ ಗಾಜಿನ ಕಿಂಡಿಯ ಹತ್ತಿರ ಕರೆದುಕೊಂಡು ಹೋಗುತ್ತಿದ್ದ. ನೋಡು, ಹೊರಗೆ ಹೀಗಿದೆ, ನಾನು ನೋಡಿದ್ದು ಇಷ್ಟು, ನೋಡದ್ದು ಇಷ್ಟು ಅನ್ನುತ್ತಿದ್ದ. ಕಾಲಿಗೆ ಸರಪಳಿ ಯಾಕೆ ಬೇಕಿತ್ತು? ಓಡಲು ಆಗದ ಮೊಣಕಾಲು ಅದು. ಹೊರಗೆ ಹೋಗಬೇಡ ಅಂತ ಅವನು ಕಾಲು ಹಿಡಿದು ಬೇಡಿಕೊಳ್ಳಬಹುದಿತ್ತು, ಜಗಳ ಆಡಬಹುದಿತ್ತು. ತೀರ್ಮಾನ ಅವಳದ್ದೇ ಆಗಿರಬೇಕಿತ್ತು. ಅವಳ ತೀರ್ಮಾನದಿಂದ ಅವನಿಗೂ ಅಪಾಯ ಆಗುತ್ತದೆ ಅಂದರೆ, ಗಾಳಿ ಒಳಗೆ ಬರುತ್ತದೆ ಅಂದರೆ, ಅದಕ್ಕೆ ಇಬ್ಬರೂ ಸೇರಿ ದಾರಿ ಹುಡುಕಬೇಕು. ಕಷ್ಟದ ಮಾತೇ. ತಲಪಾಡಿಯಲ್ಲೂ ಕೊನೆಗೆ ಆದದ್ದು ಅದೇ ತಾನೆ, ತಪಾಸಣೆ ಮಾಡಿ ರೋಗಿಗಳನ್ನು ಬಿಟ್ಟರು. ಮೊದಲ ದಿನವೇ ಹಾಗೆ ಮಾಡಬಹುದಿತ್ತು.

ಹಿಂದಿನ ಸಾಲಿನಲ್ಲಿದ್ದ ಒಬ್ಬ ತಾಯಿ ಎದ್ದು ನಿಂತರು: "ನನ್ನ ಮಗಳು ಬೆಂಗಳೂರಲ್ಲಿ ಕೆಲಸದಲ್ಲಿದ್ದಾಳೆ. ಅವಳ ಮೊಬೈಲಿನ ಲೊಕೇಶನ್ ನನಗೆ ಕಾಣ್ತದೆ. ರಾತ್ರಿ ಅದು ಪಿ.ಜಿ.ಗೆ ತಲುಪಿದ್ದು ನೋಡದೆ ನನಗೆ ನಿದ್ದೆ ಬರೂದಿಲ್ಲ. ನಾನೂ ಬಂಕರ್ ಕಟ್ಟಿದ್ದೇನಾ ಮೇಡಂ?"

ಅವರ ಧ್ವನಿ ನಡುಗುತ್ತಿತ್ತು. ಅಕ್ಕಾ, ನಿಮ್ಮ ನಿದ್ದೆಯ ವಿಷಯ ನನಗೆ ಅರ್ಥ ಆಗುತ್ತದೆ ಅಂದೆ. ನಿಮ್ಮ ಲೊಕೇಶನ್ ಅವಳಿಗೂ ಕಾಣುತ್ತದಾ ಅಂತ ಕೇಳಿದೆ. ಇಲ್ಲ ಅಂದರು. ಒಂದು ರಾತ್ರಿ ಅವಳು ಅದನ್ನು ಆಫ್ ಮಾಡಿದರೆ ಮರುದಿನ ಫೋನಿನಲ್ಲಿ ಏನಾಗುತ್ತದೆ ಅಂತ ಕೇಳಿದೆ. ಅವರು ಸ್ವಲ್ಪ ಹೊತ್ತು ಯೋಚಿಸಿ, "ಜಗಳ ಆಗ್ತದೆ" ಅಂದರು. ಹಾಗಾದರೆ ಈ ಪ್ರಶ್ನೆಗೆ ಉತ್ತರ ನನ್ನ ಹತ್ತಿರ ಇಲ್ಲ, ಅವಳ ಹತ್ತಿರ ಇದೆ, ಇವತ್ತು ರಾತ್ರಿ ಫೋನ್ ಮಾಡುವಾಗ ನೀವೇ ಕೇಳಿ ಅಂದೆ. "ಕೇಳ್ತೇನೆ" ಅಂತ ಹೇಳಿ ಕೂತರು.